ಮಾರುವವರ ಹೆಸರು

ಒಂಬತ್ತನೇ ನಂಬರಿನ ಮನೆಯಲ್ಲಿ ನಾವು ಏಳು ಹೆಂಗಸರಿದ್ದೆವು. ಕೋಣೆ ಮೂರು, ಬಚ್ಚಲು ಒಂದು. ಬೆಳಗಿನ ನಾಲ್ಕೂವರೆಗೇ ಬಚ್ಚಲ ಮುಂದೆ ಸಾಲು ಹಚ್ಚಿ ನಿಲ್ಲಬೇಕು. ಬಾದಾಮಿ ಸಿಪ್ಪೆಯ ಧೂಳು ಕತ್ತು, ಕಂಕುಳು, ಕಣ್ಣಿನ ರೆಪ್ಪೆಯೊಳಗೆಲ್ಲ ಕೂತು ಕಡಿಯುತ್ತಿತ್ತು. ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಹಿಂದಿನ ಕೋಣೆಯ ಕಿಟಕಿಗೆ ಗಾಜಿಲ್ಲದೆ ರಟ್ಟು ಬಡಿದಿತ್ತು. ಇಂಥ ಮನೆಗೆ ವಾರವಾರವೂ ನಮ್ಮ ಕೂಲಿಯಲ್ಲೇ ಬಾಡಿಗೆ ಮುರಿದುಕೊಳ್ಳುತ್ತಿದ್ದವನು ಮನಾಸೆ.

ಮನಾಸೆ ನಮ್ಮ ಮೇಸ್ತ್ರಿ. ತೋಟದವರಿಗೆ, ಬಾದಾಮಿ ಶೆಡ್ಡಿನವರಿಗೆ ಆಳು ಒದಗಿಸುವ ಗುತ್ತಿಗೆದಾರ. ನಮ್ಮಂತೆ ಅವನೂ ಟೋಂಗಾ ದ್ವೀಪದವನೇ, ನಮ್ಮ ಮಾತೇ ಆಡುವವನು. ಮೆಲ್ಬರ್ನಿನ ಉತ್ತರಕ್ಕಿರುವ ಈ ಮರ್ರೆ ನದಿ ದಂಡೆಯ ಊರಿಗೆ ನಮ್ಮವರಲ್ಲಿ ಮೊದಲು ಬಂದವನು. ಭಾನುವಾರ ಚರ್ಚಿನ ಹಿರಿಯನೂ ಅವನೇ. ಸೋಮವಾರದಿಂದ ಶನಿವಾರದವರೆಗೆ ನಮ್ಮ ಬೆವರು ಅವನ ಕೈಲಿ, ಭಾನುವಾರ ನಮ್ಮ ಪ್ರಾರ್ಥನೆಯೂ ಅವನ ಕೈ ದಾಟಿಯೇ ಮೇಲೆ ಹೋಗಬೇಕು. ದೇವರಿಗಾದರೂ ಅದು ಪೂರ್ತಿ ತಲುಪುತ್ತಿತ್ತೋ ಇಲ್ಲವೋ ಎಂದು ನನಗೆ ಈಗಲೂ ಅನುಮಾನವಿದೆ.

ನನ್ನ ಸೋದರತ್ತೆ ಲೆಸೀಲಿ ಆ ಮನೆಗೆ ಬಂದು ಹದಿನಾಲ್ಕು ತಿಂಗಳಾಗಿತ್ತು. ನಾನು ಆಕ್ಲೆಂಡಿನಿಂದ ಬಂದು ಬರೀ ಆರು ವಾರ. ನಮ್ಮಲ್ಲಿ ಅಪ್ಪನ ಒಡಹುಟ್ಟಿದವಳೆಂದರೆ ಅಪ್ಪನಿಗಿಂತ ಮೇಲು. ಅವಳ ಸಾಮಾನು ಮುಟ್ಟಬಾರದು, ಅವಳ ಹಾಸಿಗೆಯ ಮೇಲೆ ಕೂರಬಾರದು, ಅವಳ ಮಾತಿಗೆ ಎದುರಾಡಲಂತೂ ಕೂಡದು. ನನಗೆ ಹನ್ನೆರಡನೇ ತರಗತಿಯವರೆಗೆ ಇಂಗ್ಲಿಷು ಓದಿ ಗೊತ್ತಿತ್ತು, ಅವಳಿಗೆ ಅಂಕಿ ಬಿಟ್ಟರೆ ಇಂಗ್ಲಿಷು ಓದಲು ಬರುತ್ತಿರಲಿಲ್ಲ. ಆದರೂ ಕೇಳಿದಾಗ ಮಾತ್ರ ಓದಬೇಕು, ಓದಿ ಸುಮ್ಮನಾಗಬೇಕು.

ಆ ಗುರುವಾರ ಬಿಸಿಲು ನಲವತ್ನಾಲ್ಕು ಡಿಗ್ರಿ ದಾಟಿತು. ಮಧ್ಯಾಹ್ನಕ್ಕೇ ಶೆಡ್ಡು ಮುಚ್ಚಿದರು. ಶೆಡ್ಡಿನ ಬಾಗಿಲಲ್ಲಿ ಒಂದು ನೀಲಿ ತೊಟ್ಟಿ ಇರುತ್ತದೆ. ಒಳಗೆ ಹೋಗುವಾಗ ನಮ್ಮ ಫೋನುಗಳನ್ನೆಲ್ಲ ಅದರಲ್ಲಿ ಹಾಕಬೇಕು, ಬಾದಾಮಿಯ ಜೊತೆ ಗಾಜಿನ ಚೂರು ಸೇರಬಾರದು ಎಂದು. ತೊಟ್ಟಿ ಕಾಯುವವನು ಮನಾಸೆ. ಫೋನು ತೆರೆಯುವ ಗುಟ್ಟಿನ ಅಂಕಿಯನ್ನೂ ಅವನೇ ಎಲ್ಲರಿಗೂ ಹಾಕಿಕೊಟ್ಟಿದ್ದ. ಆದರೆ ಅವತ್ತು ಅವನು ಪಕ್ಕದ ಊರಿಗೆ ಹೋಗಿದ್ದ, ಬಿಸಿಲು ಅವನನ್ನು ಕೇಳಿ ಏರಲಿಲ್ಲ. ನಮ್ಮ ಫೋನುಗಳು ನಮ್ಮ ಕೈಗೇ ಬಂದವು. ಆಮೇಲಿನದಕ್ಕೆಲ್ಲ ಇದೇ ಮೂಲ.

ಅತ್ತೆ ಅಡುಗೆಮನೆಯಲ್ಲಿ ಕೆಸುವಿನೆಲೆಯೊಳಗೆ ಮಾಂಸ, ಈರುಳ್ಳಿ ಇಟ್ಟು ತೆಂಗಿನ ಹಾಲು ಸುರಿದು ಪೊಟ್ಟಣ ಕಟ್ಟುತ್ತಿದ್ದಳು. ಲೋಸಾ ಎನ್ನುವವಳು ಎದುರಿಗೆ ಕೂತು ಮರಗೆಣಸಿನ ಸಿಪ್ಪೆ ತೆಗೆಯುತ್ತಿದ್ದಳು. ಐವತ್ತು ದಾಟಿದ ವಿಧವೆ, ಬಾಯಿ ಸ್ವಲ್ಪ ಜೋರು. ಅತ್ತೆಯ ಫೋನು ಬಡಿದುಕೊಂಡಿತು. ಅತ್ತೆಯ ಕೈ ಹಾಲಾಗಿತ್ತು. ಧ್ವನಿ ಜೋರಾಗಿ ಇಡು ಎಂದಳು. ಇಟ್ಟೆ.

"ತಂಗೀ," ಎಂದ ಮನಾಸೆ. ಭಾನುವಾರದ ಧ್ವನಿ. "ಶೆಡ್ ಮುಚ್ಚಿದ್ರಂತೆ. ಸುಸ್ತಾಯ್ತಾ?"

"ಇಲ್ಲಣ್ಣ. ದೇವರು ದೊಡ್ಡೋನು."

"ಈಗ ನಿನ್ ಫೋನಿಗೊಂದು ನಂಬರ್ ಬರುತ್ತೆ. ಆರಂಕಿದು. ಬಂದ ತಕ್ಷಣ ನಂಗೆ ಹೇಳ್ಬಿಡು. ಕಾಲು ಗಂಟೆ ಮಾತ್ರ ಇರುತ್ತೆ ಅದು."

"ಆಯ್ತಣ್ಣ. ಹೇಳ್ತೀನಿ."

ಯಾಕೆ ಎಂದು ಅವಳು ಕೇಳಲಿಲ್ಲ. ದೊಡ್ಡವರನ್ನು ಯಾಕೆ ಎಂದು ಕೇಳುವುದು ನಮ್ಮಲ್ಲಿ ಕೈ ಎತ್ತಿದಷ್ಟೇ ತಪ್ಪು. ಹೀಗೆ ಯಾಕೆ ಎಂದು ಕೇಳದೆ ಕೇಳದೆ ನಮ್ಮ ಜನ ಎಷ್ಟು ಕಳೆದುಕೊಂಡಿದ್ದಾರೋ, ನನಗಂತೂ ಅದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಫೋನು ಟಿಣ್ ಎಂದಿತು.

"ಸೇನೀ, ಕನ್ನಡಕ ಎಲ್ಲಿಟ್ಟೆನೋ. ನೀನೇ ಓದು. ನಂಬರ್ ಮಾತ್ರ," ಎಂದಳು ಅತ್ತೆ ನನಗೆ.

ನಂಬರಿನ ಹಿಂದೆ ಎರಡು ಸಾಲಿತ್ತು. ಕಣ್ಣು ಅದನ್ನು ದಾಟಿ ಹೋಗಲಿಲ್ಲ. 'ನಿಮ್ಮ ಸ್ಟಾಂಪ್ ಡ್ಯೂಟಿ ಅರ್ಜಿ ಸಹಿಗೆ ಸಿದ್ಧವಾಗಿದೆ. ನೀವು: ಮಾರುವವರು.' ಕೆಳಗೆ ಅರ್ಜಿಯ ಕೊಂಡಿ.

"ಅತ್ತೆ, ನೀನು ಏನಾದ್ರೂ ಮಾರ್ತಿದ್ದೀಯಾ?"

ಲೋಸಾ ನಕ್ಕಳು. "ಮಾರೋಕೆ ಇವಳ ಹತ್ರ ಏನಿದೆ? ಹಬ್ಬ ಮದುವೇಲಿ ಸೊಂಟಕ್ಕೆ ಸುತ್ತೋ ಚಾಪೆ ಎರಡಿದೆ. ಒಂದು ಇಲಿ ಕಡಿದಿದ್ದು."

"ನಂಬರ್ ಓದು ಅಂದೆ," ಎಂದಳು ಅತ್ತೆ.

ನಾನು ಓದಲಿಲ್ಲ. ಕೊಂಡಿಯನ್ನು ಒತ್ತಿದೆ. ಆರಂಕಿ ಕೇಳಿತು, ಹಾಕಿದೆ. ಅತ್ತೆಯ ಸಾಮಾನು ಮುಟ್ಟಬಾರದು ಎಂದು ಕಲಿತವಳು ಅವಳ ಫೋನಿನ ಒಳಕ್ಕೇ ಕೈಹಾಕಿದ್ದೆ.

ಅರ್ಜಿ ತೆರೆದುಕೊಂಡಿತು. ಎಲ್ಲ ಖಾನೆಗಳನ್ನೂ ಯಾರೋ ಆಗಲೇ ತುಂಬಿದ್ದರು. ಮಾರುವವರು: ಲೆಸೀಲಿ, ಅಪ್ಪನ ಹೆಸರು, ಹುಟ್ಟಿದ ತಾರೀಖು, ಎಲ್ಲ ಸರಿ. ಕೊಳ್ಳುವವರು: ಮೆಲ್ಬರ್ನಿನ ಯಾರೋ ಗಂಡ ಹೆಂಡತಿ. ಆಸ್ತಿಯ ವಿಳಾಸ ಓದಿದೆ. ಇನ್ನೊಮ್ಮೆ ಓದಿದೆ. ಎದ್ದುಹೋಗಿ ಬೀದಿಬಾಗಿಲ ಮೇಲಿನ ಒಂಬತ್ತರ ಅಂಕಿಯನ್ನು ನೋಡಿಕೊಂಡು ಬಂದೆ.

"ಅತ್ತೆ, ಈ ಮನೆ ನಿಂದು."

"ಏನಂದೆ?"

"ನಾವು ಕೂತಿರೋ ಈ ಮನೆ. ಹದಿನಾಲ್ಕು ತಿಂಗಳ ಹಿಂದೆ ನೀನು ಕೊಂಡ್ಕೊಂಡಿದ್ದೀಯ. ಇವತ್ತು ಮಾರ್ತಿದ್ದೀಯ."

ಅತ್ತೆಯ ಕೈಯಲ್ಲಿದ್ದ ಎಲೆಯ ಪೊಟ್ಟಣ ಬಿಚ್ಚಿಕೊಂಡು ತೆಂಗಿನ ಹಾಲು ಮೇಜಿನ ಮೇಲೆ ಹರಿಯಿತು. ಯಾರೂ ಒರೆಸಲಿಲ್ಲ.

ಆಗ ಅವಳಿಗೆ ನೆನಪಾಯಿತು. ಚರ್ಚಿನಲ್ಲಿ ಹಾಡಿನ ಅಭ್ಯಾಸ ಮುಗಿದ ಮೇಲೆ ಮನಾಸೆ ಅವಳನ್ನು ಪಕ್ಕಕ್ಕೆ ಕರೆದಿದ್ದನಂತೆ. 'ತಂಗೀ, ಮನೆಯ ಕಾಗದಕ್ಕೆ ಒಂದು ಒಳ್ಳೆ ಹೆಸರು ಬೇಕು, ನಿನ್ನ ಹೆಸರು ಕೊಡ್ತೀಯಾ?' ಎಂದಿದ್ದನಂತೆ. ಇವಳು ಕೊಟ್ಟಿದ್ದಳು. ಪಾಸ್‌ಪೋರ್ಟನ್ನೂ ಕೊಟ್ಟಿದ್ದಳು. ಇಷ್ಟು ಜನರಲ್ಲಿ ತನ್ನನ್ನೇ ಆರಿಸಿದ ಎಂದು ಹೆಮ್ಮೆಯೂ ಪಟ್ಟಿದ್ದಳು.

ಓದುವವರಿಗೆ ಇವಳೆಂಥ ದಡ್ಡಿ ಅನಿಸಬಹುದು. ದಡ್ಡಿಯಲ್ಲ. ಟೋಂಗಾದಲ್ಲಿ ಭೂಮಿಯನ್ನು ಕೊಳ್ಳುವ ಹಾಗಿಲ್ಲ, ಮಾರುವ ಹಾಗೂ ಇಲ್ಲ. ಎಲ್ಲ ಅರಸನದು. ಅರಸನ ಕೆಳಗೆ ಒಡೆಯರು, ಅವರು ತೋರಿಸಿದಲ್ಲಿ ನಾವು ಗೆಣಸು ನೆಡುತ್ತೇವೆ. ಕಾಗದದಲ್ಲಿ ಯಾವನೋ ಗಂಡಸಿನ ಹೆಸರಿರುತ್ತದೆ, ನೆಲದ ಮೇಲೆ ಹತ್ತು ಜನ ಇರುತ್ತಾರೆ. ಹೆಸರನ್ನೇ ಮಾರಬಹುದು, ಹೆಸರಿನಿಂದಲೇ ಮನೆ ಹುಟ್ಟುತ್ತದೆ ಎಂದು ನಮಗೆ ಯಾರು ಹೇಳಿಕೊಟ್ಟಿದ್ದರು? ಮದುವೆಗೆ ಚಾಪೆ ಎರವಲು ಕೊಟ್ಟ ಹಾಗೆ ಅವಳು ಹೆಸರು ಕೊಟ್ಟಿದ್ದಳು.

"ಮುಂದೆ ಓದು," ಎಂದಳು.

ಓದಿದೆ. ಮೊದಲ ಸಲ ಮನೆ ಕೊಳ್ಳುವವರಿಗೆ ಸಿಗುವ ಸ್ಟಾಂಪ್ ಡ್ಯೂಟಿ ಸುಂಕದ ಮಾಫಿ ಪಡೆಯಲಾಗಿದೆ: ಹೌದು. ಹನ್ನೆರಡು ತಿಂಗಳು ಅದೇ ಮನೆಯಲ್ಲಿ ವಾಸ ಮಾಡಲಾಗಿದೆ: ಹೌದು.

"ಅದಕ್ಕೇ ನನ್ನ ಈ ಮನೆಗೆ ಹಾಕಿದ್ದು," ಎಂದಳು ಅತ್ತೆ. "ನದಿ ಪಕ್ಕದ ಮನೇಲಿ ಚೆನ್ನಾಗಿದ್ದೆ. 'ನಿಂಗೆ ಗಾಳಿ ಬದಲಾಗ್ಲಿ' ಅಂತ ಹೇಳಿ ಇಲ್ಲಿಗೆ ತಂದ."

"ಆ ಮಾಫಿ ಆಯುಷ್ಯದಲ್ಲಿ ಒಂದೇ ಸಲ ಅತ್ತೆ. ನಿನ್ನ ಪಾಲಿಂದು ಅವನು ತಿಂದಾಯ್ತು. ಅವನ ಹೆಸರಲ್ಲಾದ್ರೆ ಅವನು ಪೂರ್ತಿ ಸುಂಕ ಕಟ್ಟಬೇಕಿತ್ತು."

ಲೋಸಾ ಚಾಕು ಕೆಳಗಿಟ್ಟಳು. "ಅಂದ್ರೆ ಇವಳು ಇವಳ ಮನೇಲಿ ಇರೋಕೆ ಅವನಿಗೆ ಬಾಡಿಗೆ ಕೊಟ್ಟಿದ್ದಾಳೆ? ಅಯ್ಯೋ ಲೆಸೀಲಿ! ನೀನು ನಮ್ಮ ಯಜಮಾನಿ ಕಣೆ. ಆ ಬಚ್ಚಲ ನಲ್ಲಿ ರಿಪೇರಿ ಮಾಡ್ಸು ಮೊದ್ಲು!"

ಒಂದು ಕ್ಷಣ ನಗು ಬಂತು. ಆದರೆ ಅರ್ಜಿಯ ಕೊನೆಯ ಸಾಲು ಇನ್ನೂ ಉಳಿದಿತ್ತು. ಕೆಂಪು ಅಕ್ಷರ. ಮೇಲಿನದೆಲ್ಲ ನಿಜ ಎಂದು ಘೋಷಿಸುತ್ತೇನೆ, ಸುಳ್ಳು ಹೇಳಿಕೆ ಅಪರಾಧ, ದಂಡ ಮತ್ತು ಶಿಕ್ಷೆಗೆ ಗುರಿಯಾಗಬಹುದು. ಅದರ ಕೆಳಗೆ ಸಹಿಯ ಗುಂಡಿ.

"ಶಿಕ್ಷೆ ಅಂದ್ರೆ? ಜೈಲಾ?" ಎಂದಳು ಅತ್ತೆ.

ಅತ್ತೆ ಹತ್ತು ವರ್ಷ ಆಕ್ಲೆಂಡಿನಲ್ಲಿದ್ದು ನ್ಯೂಜಿಲೆಂಡಿನ ಪ್ರಜೆಯಾದವಳು. ಜೈಲಿಗೆ ಹೋದವರನ್ನು ಈ ದೇಶ ಅಲ್ಲಿಗೇ ವಾಪಸು ಅಟ್ಟುತ್ತದೆ ಎಂಬುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಅವಳು ಎದ್ದು ಕಕ್ಕಸಿಗೆ ಹೋದಳು, ಬಂದಳು, ಮತ್ತೆ ಹೋದಳು.

ಅವಳು ಬರುವಷ್ಟರಲ್ಲಿ ಫೋನು ಮತ್ತೆ ಬಡಿದುಕೊಂಡಿತು.

"ತಂಗೀ, ನಂಬರ್ ಬಂತಾ?"

ಅತ್ತೆ ನನ್ನ ಮುಖ ನೋಡಿದಳು. "ಇನ್ನೂ ಬಂದಿಲ್ಲಣ್ಣ," ಎಂದಳು.

ಅವಳ ಬಾಯಲ್ಲಿ ನಾನು ಕೇಳಿದ ಮೊದಲ ಸುಳ್ಳು ಅದು. "ಹೌದಾ? ನಾನೇ ಬರ್ತೀನಿ," ಎಂದ. ಧ್ವನಿ ಸೋಮವಾರದ್ದಾಗಿತ್ತು.

ಇಪ್ಪತ್ತು ನಿಮಿಷಕ್ಕೆ ಬಂದ. ಅಷ್ಟರಲ್ಲಿ ಕೋಣೆಗಳಲ್ಲಿ ಮಲಗಿದ್ದ ಉಳಿದ ನಾಲ್ವರೂ ಎದ್ದು ಅಡುಗೆಮನೆಯಲ್ಲಿ ಸೇರಿದ್ದರು. ಅವನ ಬಿಳಿ ಗಾಡಿ ಬಾಗಿಲಲ್ಲಿ ನಿಂತ ಸದ್ದಿಗೇ ಎಲ್ಲರೂ ಗೋಡೆಗೆ ಒತ್ತಿಕೊಂಡರು. ಬಾಗಿಲು ಬಡಿಯದೆ ಒಳಗೆ ಬಂದ. ಮೇಜಿನ ಮೇಲೆ ಚೆಲ್ಲಿದ್ದ ಹಾಲು ನೋಡಿದ, ಅತ್ತೆಯ ಕೈಲಿದ್ದ ಫೋನು ನೋಡಿದ.

"ಹಳೇ ನಂಬರ್ ಸತ್ತೋಯ್ತು. ಹೊಸದು ಕಳ್ಸೋಕೆ ಹೇಳಿದ್ದೀನಿ. ಫೋನ್ ಕೊಡು ಇಲ್ಲಿ."

ಅತ್ತೆ ಫೋನನ್ನು ಎದೆಗೆ ಒತ್ತಿಕೊಂಡಳು.

"ಮಾವ," ಎಂದೆ ನಾನು. "ಈ ಮನೆ ಅತ್ತೆ ಹೆಸರಲ್ಲಿದೆ."

"ದೊಡ್ಡೋರು ಮಾತಾಡುವಾಗ ನಿಂಗೇನೇ ಕೆಲಸ? ಹೋಗು ಒಳಗೆ." ಅತ್ತೆಯ ಕಡೆ ತಿರುಗಿ ಮೆತ್ತಗಾದ. "ಕಾಗದ ಅಷ್ಟೇ ತಂಗಿ ಅದು. ದುಡ್ಡು ಹಾಕಿದ್ದು ಯಾರು? ನಾನು. ನೀನು ಒಂದು ಸೆಂಟ್ ಹಾಕಿದ್ಯಾ?"

"ವಾರವಾರ ಹಾಕ್ತಿದ್ವಲ್ಲ, ಬಾಡಿಗೆ ಅಂತ," ಎಂದಳು ಲೋಸಾ, ತಲೆ ಎತ್ತದೆ.

"ನಿಂಗೆ ಸೋಮವಾರದಿಂದ ಶೆಡ್ಡಿನಲ್ಲಿ ಕೆಲಸ ಇಲ್ಲ." ಅಷ್ಟೇ ಹೇಳಿದ. ಅಷ್ಟು ಸಲೀಸಾಗಿ. ಲೋಸಾಳ ಕೈಯಲ್ಲಿದ್ದ ಮರಗೆಣಸು ಹಾಗೇ ನಿಂತಿತು.

"ಮನೆ ಮಾರಿದ್ರೆ ನಾವೆಲ್ಲಿಗೆ ಹೋಗೋಣ?" ಎಂದು ಗೋಡೆಯ ಕಡೆಯಿಂದ ಒಬ್ಬಳು ಕೇಳಿದಳು. ಲುಪೆ, ನಮ್ಮಲ್ಲೆಲ್ಲ ಮೆತ್ತನೆಯವಳು. ಅವನು ಅವಳ ಕಡೆ ತಿರುಗಿಯೂ ನೋಡಲಿಲ್ಲ.

ಆಗ ಅತ್ತೆಯ ಫೋನು ಮತ್ತೆ ಟಿಣ್ ಎಂದಿತು. ಹೊಸ ನಂಬರು. ಮನಾಸೆ ಕೈ ಚಾಚಿದ. ಅತ್ತೆ ತಿರುಗಿ ಓಡಿದಳು. ಅರವತ್ತರ ಹತ್ತಿರದ ಹೆಂಗಸು, ಮೊಣಕಾಲು ನೋವು, ಓಡಿ ಹಿಂದಿನ ಕೋಣೆ ಸೇರಿ ಹಾಸಿಗೆಯ ಮೇಲೆ ಕೂತುಬಿಟ್ಟಳು. ಬಾಗಿಲಿಗೆ ಚಿಲಕವಿರಲಿಲ್ಲ. ಅವನು ಅವಳ ಹಿಂದೆಯೇ ಹೋದ.

"ಅಲ್ಲೇ ನಿಲ್ಲು!" ಎಂದಳು ಅತ್ತೆ.

ಅವನು ಹೊಸ್ತಿಲಲ್ಲಿ ನಿಂತ.

"ತಂಗಿ ತಂಗಿ ಅಂತ ಎರಡು ವರ್ಷದಿಂದ ಕರೀತೀಯ. ಯಾವ ಅಣ್ಣ ತಂಗಿ ಮಲಗೋ ಕೋಣೆಗೆ ಕಾಲಿಡ್ತಾನೆ? ನಿಮ್ಮಪ್ಪ ಹೇಳ್ಕೊಟ್ಟಿಲ್ವಾ?"

ನಮ್ಮಲ್ಲಿ ಇದಕ್ಕಿಂತ ದೊಡ್ಡ ಮಾತಿಲ್ಲ. ಒಡಹುಟ್ಟಿದವರು ದೊಡ್ಡವರಾದ ಮೇಲೆ ಒಂದೇ ಕೋಣೆಯಲ್ಲಿ ಕೂರುವುದಿಲ್ಲ. ಹೊಸ್ತಿಲು ದಾಟಿದರೆ ಭಾನುವಾರದ ಅವನ ಅಷ್ಟೂ ಮರ್ಯಾದೆ ಮಣ್ಣುಪಾಲು. ಹಿಂದೆ ನಾವು ಆರು ಜನ ನೋಡುತ್ತಿದ್ದೆವು. ಅವನ ಕತ್ತಿನ ನರ ಉಬ್ಬಿತು. ಕಾಲು ಮಾತ್ರ ಮುಂದೆ ಬರಲಿಲ್ಲ.

"ಸರಿ," ಎಂದ. "ಇಲ್ಲಿಂದಲೇ ಹೇಳ್ತೀನಿ. ನಿನ್ನ ತಮ್ಮನ ಮಗ ಹೆನೇಲಿ ಯಾರ ಸಹಿ ಮೇಲೆ ಈ ದೇಶದಲ್ಲಿದ್ದಾನೆ? ನಾಳೆ ನಾನೊಂದು ಫೋನ್ ಮಾಡಿದ್ರೆ ವಿಮಾನ ಹತ್ತಬೇಕು ಅವನು."

ಹೆನೇಲಿ ನನ್ನ ತಮ್ಮ, ಮನಾಸೆ ಕೊಡಿಸಿದ ವೀಸಾದ ಮೇಲೆ ಬಂದು ತೋಟದಲ್ಲಿ ದುಡಿಯುತ್ತಿದ್ದ.

"ಇನ್ನೊಂದು ಕೇಳು. ಈ ಅರ್ಜಿ, ಹಳೇ ಅರ್ಜಿ, ಎರಡರಲ್ಲೂ ಇರೋದು ನಿನ್ನ ಹೆಸರು, ನಿನ್ನ ಫೋನು, ನಿನ್ನ ಸಹಿ. ಪೊಲೀಸ್ ಬಂದ್ರೆ ನಿನ್ನ ಹುಡುಕ್ಕೊಂಡು ಬರ್ತಾರೆ. ನನ್ನ ಹೆಸರು ಎಲ್ಲೂ ಇಲ್ಲ. ಹುಡುಕಿ ನೋಡು, ಎಲ್ಲೂ ಇಲ್ಲ." ಗಡಿಯಾರ ನೋಡಿದ. "ಗಾಡೀಲಿ ಕೂತಿರ್ತೀನಿ. ಹತ್ತು ನಿಮಿಷ. ನಂಬರ್ ತಗೊಂಡು ಬಾ."

ಅವನು ಹೊರಗೆ ಹೋದ. ಗಾಡಿಯ ತಂಪು ಯಂತ್ರದ ಗುಂಯ್ ಸದ್ದು ಒಳಗೂ ಕೇಳುತ್ತಿತ್ತು. ಅವನಿಗೆ ತಂಪು, ನಮಗೆ ರಟ್ಟು ಬಡಿದ ಕಿಟಕಿ.

ನಾನು ಹೊಸ್ತಿಲಲ್ಲಿ ಕೂತೆ. ಹೇಳಬಾರದ್ದನ್ನು ಹೇಳಿದೆ ಎನಿಸಿತು. ನಂಬರು ಓದಿ ಸುಮ್ಮನಿದ್ದಿದ್ದರೆ ಲೋಸಾಳ ಕೆಲಸ ಉಳಿಯುತ್ತಿತ್ತು, ನನ್ನ ತಮ್ಮ ಉಳಿಯುತ್ತಿದ್ದ. "ಕೊಟ್ಬಿಡು ಅತ್ತೆ," ಎಂದೆ. ನಾಚಿಕೆಯಾಗುತ್ತದೆ, ಆದರೆ ನಿಜ ಹೇಳಬೇಕಲ್ಲ, ಹಾಗೆಂದವಳು ನಾನೇ.

ಅತ್ತೆ ಫೋನನ್ನು ಮಡಿಲಲ್ಲಿ ಮಗುಚಿ ಇಟ್ಟಳು.

ಅಷ್ಟರಲ್ಲಿ ಲುಪೆ ಮುಂದೆ ಬಂದಳು. ತನ್ನ ಫೋನನ್ನು ನನ್ನ ಮುಂದೆ ಹಿಡಿದಳು. "ಸೇನಿ, ನಂದೂ ನೋಡ್ತೀಯಾ? ಹೋದ ಚಳಿಗಾಲದಲ್ಲಿ ನಾನೂ ಪಾಸ್‌ಪೋರ್ಟ್ ಕೊಟ್ಟಿದ್ದೆ."

ಹಳೆಯ ಸಂದೇಶಗಳನ್ನು ಕೆಳಗೆ ಕೆಳಗೆ ತಳ್ಳುತ್ತಾ ಹೋದೆ. ಜುಲೈ ತಿಂಗಳಲ್ಲಿ, ಇಲ್ಲಿಯ ಚಳಿಗಾಲದಲ್ಲಿ, ಸಿಕ್ಕಿತು. 'ನಿಮ್ಮ ಸ್ಟಾಂಪ್ ಡ್ಯೂಟಿ ಅರ್ಜಿಗೆ ಸಹಿಯಾಗಿದೆ. ನೀವು: ಕೊಳ್ಳುವವರು.' ಕೆಲಸದ ಸಮಯದಲ್ಲಿ ಬಂದದ್ದು, ಫೋನು ನೀಲಿ ತೊಟ್ಟಿಯಲ್ಲಿದ್ದಾಗ. ವಿಳಾಸ ನಮ್ಮದೇ ಬೀದಿಯ ಇಪ್ಪತ್ತೆರಡನೇ ನಂಬರು. ಹತ್ತು ಗಂಡಾಳುಗಳು ಇರುವ ಮನೆ.

"ಆದ್ರೆ ನಾನು ಆ ಮನೇಲಿ ಒಂದು ದಿನಾನೂ ಮಲಗಿಲ್ಲ," ಎಂದಳು ಲುಪೆ. "ನಾನೂ ಸುಳ್ಳು ಹೇಳಿದ ಹಾಗಾಯ್ತಾ?" ಅಳು ಬಂತು ಅವಳಿಗೆ. ನಿಂತಲ್ಲೇ, ಸದ್ದಿಲ್ಲದೆ ಅತ್ತಳು.

ಹೊರಗೆ ಹಾರ್ನ್ ಆಯಿತು. ಒಂದು ಸಲ, ಗಿಡ್ಡಕ್ಕೆ.

ಅತ್ತೆ ತಲೆ ಎತ್ತಿದಳು. "ಸೇನಿ, ಆ ಕೆಂಪು ಅಕ್ಷರದ ಕೆಳಗೆ ಕಚೇರಿ ಫೋನ್ ನಂಬರ್ ಇದ್ಯಾ?"

"ಇದೆ ಅತ್ತೆ."

"ಒತ್ತು."

"ಅತ್ತೆ, ಹೆನೇಲಿ…"

"ನನ್ನ ತಮ್ಮನ ಮಗ ಅವನು. ನಂಗೆ ಗೊತ್ತಿಲ್ವಾ? ಇವತ್ತು ಕೊಟ್ಟರೆ ನಾಳೆ ಹೆನೇಲಿ ಫೋನೂ ಆ ತೊಟ್ಟಿಗೇ ಬೀಳುತ್ತೆ. ಒತ್ತು ಅಂದೆ."

ಒತ್ತಿದೆ. ಬಹಳ ಹೊತ್ತು ಸಂಗೀತ ಬಂತು. ಏಳೂ ಜನ ಆ ಸಣ್ಣ ಕೋಣೆಯೊಳಗೆ ತುಂಬಿಕೊಂಡೆವು. ಯಾರೋ ನನ್ನ ಭುಜ ಹಿಡಿದಿದ್ದರು. ಕೊನೆಗೆ ಒಬ್ಬ ಹೆಂಗಸಿನ ಧ್ವನಿ ಬಂತು. ನಾನು ಮಾತಾಡಲು ಹೋದೆ. ಅತ್ತೆ ನನ್ನ ಕೈ ತಳ್ಳಿ, ಫೋನನ್ನು ಬಾಯಿಯ ಹತ್ತಿರ ಹಿಡಿದು, ತನ್ನ ಹರಕು ಇಂಗ್ಲಿಷಿನಲ್ಲಿ ತಾನೇ ಶುರು ಮಾಡಿದಳು. ಈ ಮನೆ ನಾನು ಕೊಂಡಿಲ್ಲ ಎಂದಳು. ಮಾರುತ್ತಲೂ ಇಲ್ಲ ಎಂದಳು. ನನ್ನ ಹೆಸರು ಕೇಳಿದ, ಅಣ್ಣ ಎಂದು ಕೊಟ್ಟುಬಿಟ್ಟೆ ಎಂದಳು. ಆ ಹೆಂಗಸಿಗೆ ಅದು ಅರ್ಥವಾಗಲಿಲ್ಲ. ನಾನು ತಿದ್ದಿ ಹೇಳಿದೆ, ಚರ್ಚಿನ ಹಿರಿಯ ಕೇಳಿದ್ದಕ್ಕೆ ಕೊಟ್ಟಳು ಎಂದು.

ಆ ಕಡೆ ಕೀಲಿಮಣೆ ಬಡಿಯುವ ಸದ್ದು. ಆಮೇಲೆ ಸದ್ದು ನಿಂತಿತು.

"ಮೇಡಂ, ನಿಮಗೆ ಒಂದು ವಿಷಯ ಹೇಳಲೇಬೇಕು. ಹಿಂದಿನ ಅರ್ಜಿಯಲ್ಲಿ ಸಹಿ ನಿಮ್ಮದಿದೆ. ಮಾಫಿ ಪಡೆದವರೂ ನೀವೇ. ನೀವೀಗ ಹೇಳೋದೆಲ್ಲ ದಾಖಲಾಗುತ್ತೆ. ನಿಮ್ಮ ಮೇಲೇ ಕ್ರಮ ಆಗಬಹುದು. ಬೇಕಾದ್ರೆ ಮೊದಲು ವಕೀಲರನ್ನ ಕೇಳಿ. ಮುಂದುವರಿಸ್ತೀರಾ?"

ಕದ್ದವನು ಗಾಡಿಯಲ್ಲಿ ತಣ್ಣಗೆ ಕೂತಿದ್ದ. ಕಾನೂನಿನ ಬೆರಳು ತೋರುತ್ತಿದ್ದುದು ಬಚ್ಚಲಿಗೆ ಸಾಲು ನಿಲ್ಲುವವಳ ಕಡೆಗೆ. ನಾನು ಫೋನು ಕಿತ್ತು ಆರಿಸಬೇಕೆಂದು ಕೈ ಚಾಚಿದೆ. ಲೋಸಾ ನನ್ನ ಕೈ ಹಿಡಿದುಕೊಂಡಳು.

ಹಾರ್ನ್ ಮತ್ತೆ ಆಯಿತು. ಈ ಸಲ ನಿಲ್ಲಲಿಲ್ಲ, ಒತ್ತಿಯೇ ಹಿಡಿದಿದ್ದ. ಅತ್ತೆ ಅದಕ್ಕಿಂತ ಜೋರಾಗಿ ಮಾತಾಡಬೇಕಾಯಿತು.

"ನಂಗೆ ಹೆದರಿಕೆ ಆಗ್ತಿದೆ," ಎಂದಳು. "ಅದನ್ನೂ ಬರ್ಕೊಳ್ಳಿ. ನನ್ನ ಹೆಸರು ನಿಮ್ಮ ಹತ್ರ ಆಗ್ಲೇ ಇದೆ. ಅವನ ಹೆಸರು ಎಲ್ಲೂ ಇಲ್ವಂತೆ. ಈಗ ಬರ್ಕೊಳ್ಳಿ. ಮನಾಸೆ. ಮ. ನಾ. ಸೆ."

ಲುಪೆ ಕಣ್ಣೊರೆಸಿಕೊಂಡು ಹಾಸಿಗೆಯ ಅಂಚಿನಲ್ಲಿ ಅತ್ತೆಯ ಪಕ್ಕ ಕೂತಳು. "ಆದ್ಮೇಲೆ ನಂಗೆ ಕೊಡು ಫೋನು," ಎಂದಳು.